ಹಾಯಿದೋಣಿಗೆ ಮುನ್ನ

ಹುಸೇನ್ ಸಾಗರದಲ್ಲಿ ಹಾಯಿದೋಣಿ ನಡೆಸಲು ಕಲಿಯುವೆನೆಂದು ನಮ್ಮ ಹನ್ನೊಂದರ ಮಗಳ ಹಟ. "ಹೆಣ್ಣುಮಗುವಿಗೆ ನೀರಿನ ಗೊಡವೆ ಏಕೋ?" ಎಂದು ನನ್ನ ಅಮ್ಮನ ಆಕ್ಷೇಪ. ನನಗೋ ಈಜು ಬಾರದು. ಫೈಲುಗಳಲ್ಲಿ ಮುಳುಗಿದ ಅನುಭವವೊಂದೇ!

ಮಕ್ಕಳ ಈ ದೋಣಿಗೆ 'ಆಪ್ಟಿಮಿಸ್ಟ್' ಎಂದು ಹೆಸರು. 1947ರಲ್ಲಿ ಅಮೆರಿಕದ ಕ್ಲಾರ್ಕ್ ಮಿಲ್ಸ್ ರೂಪಿಸಿದ್ದು. ಉದ್ದ ಎಂಟಡಿಗೂ ಕಡಿಮೆ, ಒಂದೇ ಹಾಯಿ. ಮಗುಚಿದರೆ ದೋಣಿಯನ್ನು ಬಿಟ್ಟು ಹೋಗಕೂಡದು. ನಡುಹಲಗೆಯ ಮೇಲೆ ಭಾರ ಹಾಕಿ ನೆಟ್ಟಗೆ ಮಾಡಿ, ನೀರು ತೋಡಿ ಚೆಲ್ಲಬೇಕು. ಅದಕ್ಕೇ ಮೊದಲು ಈಜಿನ ಪಾಠ.

ಲೈಫ್ ಜಾಕೆಟ್ ದೊಡ್ಡದು ಕೊಂಡರೆ ಮುಂದಿನ ವರ್ಷಕ್ಕೂ ಆದೀತೆಂದು ಗುಮಾಸ್ತನ ಲೆಕ್ಕ ಹಾಕಿದ್ದೆ. ಸಡಿಲವಾದದ್ದು ನೀರಿನಲ್ಲಿ ಕಿವಿಯವರೆಗೆ ಏರಿಬಿಡುತ್ತದೆಂದು ತಿಳಿದು ಬೆವರಿದೆ. ಅಳತೆಗೆ ಸರಿಯಾದದ್ದನ್ನೇ ತಂದೆ.

ನಿನ್ನೆ ಮೊಮ್ಮಗಳು ಬೋಲೈನ್ ಗಂಟು ಹಾಕುತ್ತಿದ್ದಾಗ ಅಮ್ಮ ಬಾವಿಯ ಕೊಡಕ್ಕೆ ಹಾಕುತ್ತಿದ್ದ ಕುಣಿಕೆಯನ್ನು ತೋರಿಸಿದಳು. "ಅದು ಎಳೆದರೆ ಬಿಗಿಯುತ್ತೆ ಅಜ್ಜೀ, ಇದು ಬಿಗಿಯಲ್ಲ." "ಎಲ್ಲಿ, ಇನ್ನೊಮ್ಮೆ ಹಾಕು!" ಎಂದಳು ಅಮ್ಮ.