ಹೊರಗಿನಿಂದ ಹಾಕಿದ ಬೀಗ



ಹೋದ ತಿಂಗಳು ಹಳೆಯ ಗೆಳತಿಯೊಬ್ಬಳ ಜೊತೆ ನಾಟಕ ನೋಡಲು ಹೋಗಿದ್ದೆ. ಜಿಲ್ಲಾ ಕೇಂದ್ರದ ರಂಗಮಂದಿರದಲ್ಲಿ ಹವ್ಯಾಸಿ ತಂಡವೊಂದು ಗಿರೀಶ ಕಾರ್ನಾಡರ ‘ನಾಗಮಂಡಲ’ವನ್ನು ಆಡುತ್ತಿತ್ತು. ನಾವಿಬ್ಬರೂ ಒಂದೇ ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದವರು. ನಾನು ಕನ್ನಡ, ಅವಳು ಗಣಿತ. ಇಪ್ಪತ್ತಾರು ವರ್ಷ ಒಂದೇ ಸ್ಟಾಫ್ ರೂಮಿನಲ್ಲಿ ಕುಳಿತು ಬುತ್ತಿ ಹಂಚಿಕೊಂಡು ಉಂಡಿದ್ದೇವೆ. ಆದರೂ ಸಂಜೆಯ ಹೊತ್ತು ಇಬ್ಬರೂ ಸೇರಿ ಹೊರಗೆ ಹೋದದ್ದು ಅದೇ ಮೊದಲು. ಬಸ್ಸಿನಲ್ಲಿ ಕಂಡಕ್ಟರು ಹೆಂಗಸರ ಉಚಿತ ಟಿಕೆಟ್ ಹರಿದು ಕೊಟ್ಟಾಗ ಅವಳು ಅದನ್ನು ಮಡಿಸಿ ಪರ್ಸಿನಲ್ಲಿ ಇಟ್ಟುಕೊಂಡಳು. “ಇದಕ್ಕೆ ಯಾರಿಗೂ ಲೆಕ್ಕ ಕೊಡಬೇಕಾಗಿಲ್ಲ, ಅಲ್ವೇನೇ?” ಎಂದು ನಕ್ಕಳು. ಆ ಮಾತಿನ ಅರ್ಥ ನನಗೆ ಆಗ ತಿಳಿಯಲಿಲ್ಲ.

ಅಂದು ನಡೆದದ್ದನ್ನು ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಬೇಡ, ಊರು ಬೇಡ ಎಂದಿದ್ದಾಳೆ.

‘ನಾಗಮಂಡಲ’ದ ಕಥೆ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಬಹುದು. 1997ರಲ್ಲಿ ಟಿ.ಎಸ್. ನಾಗಾಭರಣ ಅವರು ಇದನ್ನು ಸಿನಿಮಾ ಮಾಡಿದರು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕಥೆಗಳನ್ನು ಆಧರಿಸಿ ಕಾರ್ನಾಡರು 1980ರ ದಶಕದ ಕೊನೆಗೆ ಬರೆದ ನಾಟಕ ಇದು. ಅಪ್ಪಣ್ಣ ಎಂಬವನು ರಾಣಿಯನ್ನು ಮದುವೆಯಾಗಿ ಮನೆಗೆ ಕರೆತರುತ್ತಾನೆ. ಅವಳನ್ನು ಒಳಗಿಟ್ಟು ಹೊರಗಿನಿಂದ ಬೀಗ ಹಾಕಿ ಸೂಳೆಯ ಮನೆಗೆ ಹೋಗುತ್ತಾನೆ. ಮಧ್ಯಾಹ್ನ ಬಂದು ಉಂಡು ಮತ್ತೆ ಬೀಗ ಹಾಕಿಕೊಂಡು ಹೊರಡುತ್ತಾನೆ. ಅವಳು ಪ್ರಶ್ನೆ ಕೇಳುವ ಹಾಗಿಲ್ಲ. ಕುರುಡವ್ವ ಎಂಬ ಮುದುಕಿ ಗಂಡನನ್ನು ಒಲಿಸಿಕೊಳ್ಳಲೆಂದು ಒಂದು ಬೇರು ಕೊಡುತ್ತಾಳೆ. ಬೇರು ತೇದು ಹಾಕಿದ ಸಾರು ಕೆಂಪಾದದ್ದನ್ನು ಕಂಡು ರಾಣಿ ಹೆದರಿ ಅದನ್ನು ಹುತ್ತಕ್ಕೆ ಸುರಿಯುತ್ತಾಳೆ. ಹುತ್ತದ ನಾಗ ಅವಳಿಗೆ ಒಲಿದು ರಾತ್ರಿ ಹೊತ್ತು ಗಂಡನ ರೂಪದಲ್ಲೇ ಬರತೊಡಗುತ್ತಾನೆ. ಅವಳು ಬಸುರಿಯಾದಾಗ ಅಪ್ಪಣ್ಣ ಅವಳ ಶೀಲದ ಮೇಲೆ ಆರೋಪ ಹೊರಿಸಿ ಪಂಚಾಯ್ತಿ ಸೇರಿಸುತ್ತಾನೆ.

ನಾನು ಈ ನಾಟಕವನ್ನು ಬಿ.ಎ. ತರಗತಿಗೆ ಪಾಠ ಮಾಡಿದವಳು. ಜಾನಪದದ ಮೂಲ, ನಾಗನ ಸಂಕೇತ, ಬೀಗದ ಸಂಕೇತ ಎಂದೆಲ್ಲ ವರ್ಷ ವರ್ಷ ನೋಟ್ಸ್ ಬರೆಸಿದ್ದೇನೆ. ಬೀಗ ಎಂದರೆ ಬೀಗವೇ ಎಂಬುದು ಮಾತ್ರ ನನಗೆ ಹೊಳೆದಿರಲಿಲ್ಲ.

ಅಂದು ರಂಗದ ಮೇಲೆ ಅಪ್ಪಣ್ಣನ ಪಾತ್ರಧಾರಿ ಬಾಗಿಲೆಳೆದು ಬೀಗ ಹಾಕಲು ಹೋದಾಗ ಬೀಗ ಕೂರಲಿಲ್ಲ. ಎರಡು ಸಲ ಒತ್ತಿದರೂ ಬಿಚ್ಚಿಕೊಂಡಿತು. ಹಿಂದಿನ ಸಾಲಿನ ಹುಡುಗರು ಗೊಳ್ಳೆಂದು ನಕ್ಕರು, ನನಗೂ ನಗು ಬಂತು. ಮೂರನೆಯ ಸಲ ‘ಟಕ್’ ಎಂದು ಬೀಗ ಬಿತ್ತು. ಆ ಸದ್ದಿಗೆ ಪಕ್ಕದಲ್ಲಿದ್ದ ಗೆಳತಿ ನನ್ನ ಮುಂಗೈ ಹಿಡಿದುಕೊಂಡಳು. ಅವಳ ಕೈ ಮಂಜಿನಂತೆ ತಣ್ಣಗಿತ್ತು. ಕೊನೆಯವರೆಗೂ ಬಿಡಲಿಲ್ಲ.

ನಾಟಕ ಮುಗಿದ ಮೇಲೆ ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಕುಳಿತು ಅವಳು ಹೇಳಿದಳು. “ನಮ್ಮ ಮನೆ ಬೀಗ ಇನ್ನೂ ದೊಡ್ಡದಿತ್ತು ಕಣೇ. ಅಲಿಗಢದ್ದು. ಒಂದೇ ಸಲಕ್ಕೆ ಕೂರುತ್ತಿತ್ತು.”

ಕಾಲೇಜಿದ್ದ ದಿನ ಗಂಡ ಸ್ಕೂಟರಿನಲ್ಲಿ ತಂದು ಬಿಡುತ್ತಿದ್ದರು, ಸಂಜೆ ಗೇಟಿನ ಬಳಿ ಕಾದು ಕರೆದೊಯ್ಯುತ್ತಿದ್ದರು. ಭಾನುವಾರ, ಹಬ್ಬದ ರಜೆ, ಬೇಸಿಗೆ ರಜೆಗಳಲ್ಲಿ ಅವರು ಹೊರಗೆ ಹೋಗುವಾಗ ಮನೆಗೆ ಬೀಗ. ಕೀಲಿ ಅವರ ಜೇಬಿನಲ್ಲಿ. ಸಂಬಳದ ದಿನ ಪೂರ್ತಿ ಹಣ ಅವರ ಕೈಗೆ. ಮದುವೆಯಲ್ಲಿ ಕೊಟ್ಟ ವರದಕ್ಷಿಣೆ ಸಾಲದು ಎಂದು ಅತ್ತೆ ಆಡಿದ ಮಾತಿಗೆ ಪ್ರತಿ ತಿಂಗಳ ಸಂಬಳವೇ ಕಂತಾಯಿತು. ಒಂದು ದಿನವೂ ಅವರು ಕೈ ಎತ್ತಲಿಲ್ಲವಂತೆ. “ಹೊಡೆದಿದ್ದರೆ ಗಾಯ ತೋರಿಸುತ್ತಿದ್ದೆ. ಬೀಗವನ್ನು ಯಾರಿಗೆ ಹೇಗೆ ತೋರಿಸಲಿ?” ಎಂದಳು.

ಇನ್ನೊಂದು ಮಾತು ಹೇಳಿದಳು, ಅದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಬೀಗ ಹಾಕಿದ ದಿನ ಅವಳು ಸೀಮೆಎಣ್ಣೆ ಸ್ಟೋವ್ ಹಚ್ಚುತ್ತಿರಲಿಲ್ಲ. ಆ ವರ್ಷಗಳಲ್ಲಿ ಸ್ಟೋವ್ ಸಿಡಿದು ಸೊಸೆ ಸತ್ತ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಿತ್ತು. ಬೆಂಕಿ ಹತ್ತಿದರೆ ಓಡಿ ಹೋಗಲು ಬಾಗಿಲಿಲ್ಲ ಎಂದು ಹೆದರಿ ಬೆಳಗಿನ ತಣ್ಣಗಿನ ಅನ್ನವನ್ನೇ ಉಣ್ಣುತ್ತಿದ್ದಳು. ಪಕ್ಕದ ಮನೆಯಾಕೆ ಕಿಟಕಿಯಲ್ಲಿ ಕರಿಬೇವು, ಒಂದು ಲೋಟ ಮಜ್ಜಿಗೆ ಕೊಟ್ಟು ಹೋಗುತ್ತಿದ್ದರಂತೆ. ಆಕೆಗೂ ಬೀಗ ಕಾಣುತ್ತಿತ್ತು. ಯಾಕೆ ಎಂದು ಒಂದು ದಿನವೂ ಕೇಳಲಿಲ್ಲ.

ಆಕೆಯನ್ನು ದೂರುವ ಹಕ್ಕು ನನಗಿಲ್ಲ. ಸ್ಟಾಫ್ ರೂಮಿನಲ್ಲಿ ನಾವು ಮಾಡಿದ್ದೇನು? “ನಿನ್ನ ಪುಣ್ಯ ಕಣೇ, ಗಂಡ ತಾನೇ ಬಂದು ಬಿಟ್ಟು, ಕರೆದುಕೊಂಡು ಹೋಗುತ್ತಾರೆ, ನಮಗೆ ಆ ಭಾಗ್ಯವಿಲ್ಲ” ಎಂದು ಹಾಸ್ಯ ಮಾಡುತ್ತಿದ್ದೆವು. ಶೈಕ್ಷಣಿಕ ಪ್ರವಾಸಕ್ಕೆ ಅವಳು ಒಮ್ಮೆಯೂ ಬರಲಿಲ್ಲ. ಮಕ್ಕಳ ಮದುವೆಗೆ ಕರೆದರೆ ಗಂಡನೊಡನೆ ಬಂದು ಅಕ್ಷತೆ ಹಾಕಿ, ಊಟಕ್ಕೆ ನಿಲ್ಲದೆ ಹೊರಟುಬಿಡುತ್ತಿದ್ದಳು. ನಾವು ಅದನ್ನು ಜಂಭ ಎಂದುಕೊಂಡೆವು. ಎಂ.ಎ., ಎಂ.ಎಸ್ಸಿ. ಓದಿದ ಹತ್ತು ಹೆಂಗಸರು ಇಪ್ಪತ್ತಾರು ವರ್ಷ ಒಂದು ಸೆರೆವಾಸವನ್ನು ಪ್ರೀತಿಯೆಂದು ಓದಿದೆವು. ಎರಡು ವರ್ಷದ ಹಿಂದೆ ಗಂಡ ತೀರಿಕೊಂಡ ಮೇಲೆಯೇ ಅವಳಿಗೆ ಸಂಜೆ ಹೊರಗೆ ಬರಲು ಸಾಧ್ಯವಾದದ್ದು. ಒಬ್ಬ ಹೆಣ್ಣಿನ ಬಿಡುಗಡೆಗೆ ಒಂದು ಸಾವು ಬೇಕಾಯಿತು ಎಂಬುದಕ್ಕಿಂತ ನಾಚಿಕೆಗೇಡು ನಮ್ಮಂಥ ಗೆಳತಿಯರಿಗೆ ಬೇರೆ ಏನಿದೆ?

ಈಗ ನಾಟಕದ ಕೊನೆಗೆ ಬರೋಣ. ಪಂಚರ ಮುಂದೆ ರಾಣಿ ತನ್ನ ಶೀಲವನ್ನು ತಾನೇ ಸಾಬೀತುಪಡಿಸಬೇಕು. ಅವಳು ಹುತ್ತಕ್ಕೆ ಕೈ ಹಾಕಿ ನಾಗನನ್ನು ಹಿಡಿದು, ಗಂಡನನ್ನೂ ಈ ನಾಗನನ್ನೂ ಬಿಟ್ಟು ಬೇರೆ ಗಂಡಸನ್ನು ಮುಟ್ಟಿಲ್ಲ ಎಂದು ಆಣೆ ಮಾಡುತ್ತಾಳೆ. ನಾಗ ಕಚ್ಚದೆ ಅವಳ ತಲೆಯ ಮೇಲೆ ಹೆಡೆಯೆತ್ತುತ್ತದೆ. ಊರೆಲ್ಲ ಅವಳನ್ನು ದೇವಿಯೆಂದು ಕಾಲಿಗೆ ಬೀಳುತ್ತದೆ. ಸಭಾಂಗಣದಲ್ಲಿ ಚಪ್ಪಾಳೆಯೋ ಚಪ್ಪಾಳೆ. ನನ್ನ ಗೆಳತಿ ಚಪ್ಪಾಳೆ ತಟ್ಟಲಿಲ್ಲ. “ಆ ಗಂಡನನ್ನು ಯಾರೂ ಕೇಳಲೇ ಇಲ್ಲವಲ್ಲ, ನೀನು ಯಾಕೆ ಬೀಗ ಹಾಕಿದೆ ಅಂತ” ಎಂದಳು.

ಇಷ್ಟು ವರ್ಷ ಪಾಠ ಮಾಡಿದ ನನಗೆ ತೋಚದ ಪ್ರಶ್ನೆ ಅದು. ನಾಟಕಕಾರರು ಅದನ್ನು ಬೇಕೆಂದೇ ಹಾಗೆ ಬಿಟ್ಟಿದ್ದಾರೆ, ನಾವು ಕೇಳಿಕೊಳ್ಳಲಿ ಎಂದು. ಊರೆಲ್ಲ ಸೇರಿದ ಪಂಚಾಯ್ತಿ ಬಸುರಿ ಹೆಂಗಸಿನ ಶೀಲ ಪರೀಕ್ಷಿಸುತ್ತದೆ. ಹಗಲಿರುಳು ಸೂಳೆಯ ಮನೆಯಲ್ಲಿದ್ದವನಿಗೆ ಪರೀಕ್ಷೆಯಿಲ್ಲ. ಗೆದ್ದರೆ ಅವಳು ದೇವಿ, ಸೋತರೆ ಜಾರೆ. ಮನುಷ್ಯಳಾಗಿ ನ್ಯಾಯ ಕೇಳಲು ನಡುವೆ ಜಾಗವೇ ಇಲ್ಲ. ಇಂದಿಗೂ ನಮ್ಮ ಹೆಣ್ಣುಮಗಳು ತವರಿಗೆ ಅಳುತ್ತ ಬಂದರೆ ಮೊದಲು ಕೇಳುವ ಪ್ರಶ್ನೆ “ನೀನೇನು ಮಾಡಿದೆ?” ಎಂದೇ ಅಲ್ಲವೇ? ರಾಣಿಗೆ ನಾಗ ಬಂದ. ನಮ್ಮ ನೆರೆಮನೆಯ ರಾಣಿಗೆ ಯಾವ ನಾಗನೂ ಬರುವುದಿಲ್ಲ. ಬಂದರೆ ನಾವೇ ಬರಬೇಕು.

ಹಾಗೆ ಹೋಗಲು ನಮಗೆ ಕಾನೂನಿನ ಬಲವೂ ಇದೆ. ಒಬ್ಬರನ್ನು ಅಕ್ರಮವಾಗಿ ಕೂಡಿಹಾಕುವುದು 1860ರ ದಂಡ ಸಂಹಿತೆಯ ಕಾಲದಿಂದಲೂ ಅಪರಾಧ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿನಲ್ಲಿಯೂ ಅದಕ್ಕೆ ಒಂದು ವರ್ಷದವರೆಗೆ ಸೆರೆವಾಸವಿದೆ. ಕೂಡಿಹಾಕಿದ ದಿನಗಳು ಹೆಚ್ಚಿದಂತೆ ಶಿಕ್ಷೆಯೂ ಹೆಚ್ಚುತ್ತದೆ. ಗಂಡನಿಗೆ ಇದರಲ್ಲಿ ವಿನಾಯಿತಿಯಿಲ್ಲ. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣೆಯ ಕಾಯ್ದೆ 2005ರಲ್ಲಿ ಬಂದು 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಹೊಡೆತ ಒಂದೇ ದೌರ್ಜನ್ಯ ಎಂದು ಅದು ಹೇಳುವುದಿಲ್ಲ. ಮಾತಿನ ಹಿಂಸೆ, ಮನಸ್ಸಿನ ಹಿಂಸೆ, ಹೆಂಡತಿಯ ಹಣ ಕಿತ್ತುಕೊಳ್ಳುವ ಆರ್ಥಿಕ ಹಿಂಸೆ, ವರದಕ್ಷಿಣೆಗಾಗಿ ಕೊಡುವ ಕಿರುಕುಳ ಎಲ್ಲವೂ ಅದರಲ್ಲಿ ಸೇರಿವೆ. ಇದೇ ಕಾಯ್ದೆಯ 4ನೇ ಕಲಮನ್ನು ಪ್ರತಿ ಸಂಘದವರೂ ತಿಳಿದಿರಬೇಕು. ದೌರ್ಜನ್ಯ ನಡೆದಿದೆ ಅಥವಾ ನಡೆಯಬಹುದು ಎಂದು ನಂಬಲು ಕಾರಣವಿರುವ ಯಾರೇ ಆಗಲಿ ರಕ್ಷಣಾಧಿಕಾರಿಗೆ ಮಾಹಿತಿ ಕೊಡಬಹುದು. ಸದುದ್ದೇಶದಿಂದ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಯಾವ ಹೊಣೆಯನ್ನೂ ಹೊರಿಸುವಂತಿಲ್ಲ. ಅಂದರೆ “ಇನ್ನೊಬ್ಬರ ಮನೆ ವಿಷಯ ನಮಗೇಕೆ” ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ. ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಈ ಎರಡು ಸಂಖ್ಯೆಗಳನ್ನು ಪಾಸ್‌ಬುಕ್ಕಿನ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.

2019–20ರಲ್ಲಿ ಕರ್ನಾಟಕದಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಮದುವೆಯಾದ 18ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 44 ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದ್ದಾರೆ. ಅದು ದೈಹಿಕ ಮತ್ತು ಲೈಂಗಿಕ ಹಿಂಸೆಯ ಲೆಕ್ಕ. ನನ್ನ ಗೆಳತಿಯ ಬೀಗ ಆ ಲೆಕ್ಕದಲ್ಲಿ ಸೇರುವುದಿಲ್ಲ. ಇಪ್ಪತ್ತು ಜನರ ನಮ್ಮ ಒಂದು ಸಂಘದಲ್ಲಿ ಎಷ್ಟು ಮಂದಿ ಇರಬಹುದೆಂದು ನೀವೇ ಎಣಿಸಿ ನೋಡಿ.

ಹಾಗಾದರೆ ನಾಟಕ ನೋಡಿ ಏನಾಯಿತು ಎಂದು ಕೇಳುವಿರಿ. ಇದೇ ಕಥೆಯನ್ನು ಗೆಳತಿ ಟಿವಿಯಲ್ಲಿ ಸಿನಿಮಾವಾಗಿ ನೋಡಿದ್ದಳು. ಆಗ ಗಂಡ ಪಕ್ಕದಲ್ಲೇ ಕುಳಿತಿದ್ದರು, ಅವಳು ಬಾಯಿ ಬಿಡಲಿಲ್ಲ. ಈ ಸಲ ಕೈ ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬಳಿದ್ದಳು, ಮುಗಿದ ಮೇಲೆ ಮಾತಾಡಲು ಬಸ್ ಬರುವವರೆಗೆ ಮುಕ್ಕಾಲು ಗಂಟೆ ಇತ್ತು. ತನ್ನ ಕಥೆ ಹೇಳಲಾಗದವಳು ರಂಗದ ಮೇಲಿನ ರಾಣಿಯ ಕಥೆಯಿಂದ ಶುರು ಮಾಡಿ ತನ್ನ ಕಥೆಗೆ ಬಂದಳು. ವಿಚಾರಣೆ ಮಾಡುವವಳಂತೆ ನಾನು ಕೇಳಿದ್ದರೆ ಖಂಡಿತ ಹೇಳುತ್ತಿರಲಿಲ್ಲ.

ಆದ್ದರಿಂದ ಸಂಘಗಳಿಗೆ ನಮ್ಮದೊಂದು ಸಲಹೆ. ನಿಮ್ಮ ಊರಿಗೋ ಪಕ್ಕದ ಊರಿಗೋ ನಾಟಕ ಬಂದರೆ, ಶಾಲೆಯ ಮಕ್ಕಳದ್ದೋ ಕಂಪನಿಯದ್ದೋ ಹವ್ಯಾಸಿಗಳದ್ದೋ, ಗುಂಪಾಗಿ ಹೋಗಿ. ಮನೆಯಿಂದ ಹೊರಗೆ ಬಾರದ ಒಬ್ಬಳನ್ನು ಕರೆಯಲು ನೀವೇ ಇಬ್ಬರು ಅವಳ ಬಾಗಿಲಿಗೆ ಹೋಗಿ. ಮುಂದಿನ ವಾರದ ಸಭೆಯಲ್ಲಿ ಉಳಿತಾಯ, ಸಾಲದ ಕಂತು ಎಲ್ಲ ಮುಗಿದ ಮೇಲೆ ಹದಿನೈದು ನಿಮಿಷ ನಾಟಕದ ಬಗ್ಗೆ ಮಾತಾಡಿ. ಯಾವ ಪಾತ್ರದ ಮೇಲೆ ಸಿಟ್ಟು ಬಂತು, ಯಾಕೆ ಬಂತು ಎಂದು ಕೇಳಿ. ಅಲ್ಲಿ ಯಾರಾದರೂ ತನ್ನ ಕಥೆ ಹೇಳಿದರೆ ಅದನ್ನು ಠರಾವು ಪುಸ್ತಕದಲ್ಲಿ ಬರೆಯಬೇಡಿ, ಮನೆಗೆ ಹೋಗಿ ಗಂಡನಿಗೂ ಹೇಳಬೇಡಿ. ಅವಳಿಗೆ ಏನು ಬೇಕೆಂದು ಅವಳನ್ನೇ ಕೇಳಿ, ಬೇಕೆಂದ ಕಡೆಗೆ ಜೊತೆಯಲ್ಲಿ ಹೋಗಿ.

‘ನಾಗಮಂಡಲ’ದ ಆರಂಭದಲ್ಲಿ, ಮನೆಮನೆಗಳಲ್ಲಿ ಆರಿಸಿದ ದೀಪದ ಜ್ಯೋತಿಗಳೆಲ್ಲ ರಾತ್ರಿ ಊರಾಚೆಯ ಪಾಳುಗುಡಿಗೆ ಬಂದು ಸೇರುತ್ತವೆ. ತಮ್ಮ ತಮ್ಮ ಮನೆಯಲ್ಲಿ ಕಂಡದ್ದನ್ನು ಹೆಂಗಸರಂತೆ ಒಂದಕ್ಕೊಂದು ಹೇಳಿಕೊಳ್ಳುತ್ತವೆ. ನಮ್ಮ ಸಂಘದ ಚಾಪೆಯೂ ಅಂಥದೊಂದು ಜಾಗವಾಗಲಿ. ನಿಮ್ಮ ಬೀದಿಯಲ್ಲಿ ಹಗಲು ಹೊತ್ತು ಹೊರಗಿನಿಂದ ಬೀಗ ಬಿದ್ದ ಮನೆಯ ಕಿಟಕಿಯಲ್ಲಿ ಒಂದು ಮುಖ ಕಂಡರೆ, ಕರಿಬೇವು ಕೊಟ್ಟು ಸುಮ್ಮನೆ ಬರಬೇಡಿ. ಕೀಲಿ ಯಾರ ಹತ್ತಿರ ಇದೆ ಎಂದು ಕೇಳಿ.