ಲೆಕ್ಕದ ಪುಸ್ತಕ ಕಟ್ಟುವ ತಂಡ

ಕೆ.ಎಲ್. ರಾಹುಲ್ ಅವರನ್ನು ಆರ್‌ಸಿಬಿ ಯಾಕೆ ಬಿಟ್ಟುಕೊಟ್ಟಿತು? ಐಪಿಎಲ್ ಬಂದಾಗಲೆಲ್ಲ ಹೊಳಲ್ಕೆರೆಯ ಹೋಟೆಲುಗಳಲ್ಲಿ ಈ ಪ್ರಶ್ನೆ ಏಳುತ್ತದೆ. ಉತ್ತರ ಮೈದಾನದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ.

2018ರಲ್ಲಿ ಪ್ರತಿ ತಂಡದ ಸಂಬಳದ ಮಿತಿ 80 ಕೋಟಿ ರೂಪಾಯಿ. ಆರ್‌ಸಿಬಿ 17 ಕೋಟಿಗೆ ಕೊಹ್ಲಿಯವರನ್ನೂ 11 ಕೋಟಿಗೆ ಡಿವಿಲಿಯರ್ಸ್ ಅವರನ್ನೂ ಉಳಿಸಿಕೊಂಡಿತು. ಮೂರನೆಯವರು ಆಗಿನ್ನೂ ಭಾರತಕ್ಕೆ ಆಡಿರದ ಸರ್ಫರಾಜ್ ಖಾನ್. ಅವರ ಸಂಬಳ 1.75 ಕೋಟಿ; ನಿಯಮದಂತೆ ಮಿತಿಯಿಂದ ಕಳೆದದ್ದು 3 ಕೋಟಿ. ಹರಾಜಿಗೆ 49 ಕೋಟಿ ಉಳಿಯಿತು. ಆ ಜಾಗದಲ್ಲಿ ರಾಹುಲ್ ಇದ್ದಿದ್ದರೆ 7 ಕೋಟಿ ಕಳೆಯುತ್ತಿತ್ತು. ಭುಜದ ಗಾಯದಿಂದ ಅವರು 2017ರ ಐಪಿಎಲ್ ಆಡಿರಲಿಲ್ಲ. 4 ಕೋಟಿ ಉಳಿಸುವುದು ಜಾಣತನವೆಂದು ತೋರಿದ್ದರೆ ಆಶ್ಚರ್ಯವಿಲ್ಲ. ಹರಾಜಿನಲ್ಲಿ ಪಂಜಾಬ್ 11 ಕೋಟಿಗೆ ಅವರನ್ನು ಕೊಂಡಿತು. ಆ ಸಲ ರಾಹುಲ್ ಗಳಿಸಿದ್ದು 659 ರನ್, ಸರ್ಫರಾಜ್ 51.

ಆಟಗಾರನ ಕೈಗೆ ಸೇರುವ ಹಣವೇ ಬೇರೆ, ಮಿತಿಯ ಲೆಕ್ಕಕ್ಕೆ ಹಿಡಿಯುವ ಹಣವೇ ಬೇರೆ. 1994ರಿಂದ ಸಂಬಳಕ್ಕೆ ಮಿತಿ ಹಾಕಿಕೊಂಡಿರುವ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನಲ್ಲಿ ಈ ಅಂತರ ಇನ್ನೂ ದೊಡ್ಡದು. ಸಹಿ ಹಾಕಿದ ದಿನ ಕೊಟ್ಟ ಬೋನಸ್ಸನ್ನು ಐದು ವರ್ಷದವರೆಗೆ ಹಂಚಿ ಬರೆಯಬಹುದು. ಆಟಗಾರನನ್ನು ನಡುವೆಯೇ ಬಿಟ್ಟರೂ ಬರೆಯದೆ ಉಳಿದ ಭಾಗ ತಂಡದ ತಲೆಗೇ. ಬತ್ತಿದ ಬೋರ್‌ವೆಲ್ಲಿನ ಸಾಲದ ಕಂತು ಕಟ್ಟುವ ನಮ್ಮ ಅಡಿಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರಲ್ಲಿ ರಸೆಲ್ ವಿಲ್ಸನ್ ಅವರನ್ನು ಬಿಟ್ಟ ಡೆನ್ವರ್ ತಂಡ, ಹೀಗೆ ಉಳಿದ ಬೋನಸ್ಸಿನ ಜೊತೆ ಖಾತರಿ ಕೊಟ್ಟಿದ್ದ ಸಂಬಳವೂ ಸೇರಿ, ಹೊತ್ತುಕೊಂಡದ್ದು ಎರಡು ವರ್ಷಗಳಲ್ಲಿ ಸುಮಾರು 8.5 ಕೋಟಿ ಡಾಲರ್.

ಮಿತಿಯೇ ಬೇಡವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಹಣವಂತರು ಒಳ್ಳೆಯ ಆಟಗಾರರನ್ನೆಲ್ಲ ಬಾಚಿಕೊಳ್ಳುತ್ತಾರೆ. ಮಿತಿಯೊಳಗೇ ತೂಗಿ ನೋಡಿ ಆರಿಸಿದರೆ ಏನಾಗುತ್ತದೆಂದು ಆರ್‌ಸಿಬಿಯೇ ತೋರಿಸಿದೆ. ಮಿತಿ ಹೆಚ್ಚಿದ್ದ 2025ಕ್ಕೆ ಉಳಿಸಿಕೊಂಡ ಮೂವರ ಮೇಲೆ 37 ಕೋಟಿ ಹಾಕಿ, ಉಳಿದ 83 ಕೋಟಿಯೊಂದಿಗೆ ಹರಾಜಿಗೆ ಹೋಯಿತು. ಅಲ್ಲಿ 5.75 ಕೋಟಿಗೆ ಕೊಂಡ ಕೃಣಾಲ್ ಪಾಂಡ್ಯ ತಂಡ ಗೆದ್ದ ಜೂನ್ 3ರ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರರಾದರು.

ಆದರೆ ಆ ಪಂದ್ಯದಲ್ಲಿ ಆರ್‌ಸಿಬಿಯ ಹನ್ನೊಂದರಲ್ಲಿದ್ದ ಕನ್ನಡಿಗ ಮಯಾಂಕ್ ಅಗರ್ವಾಲ್ ಒಬ್ಬರೇ. ಅವರೂ ಗಾಯಗೊಂಡ ದೇವದತ್ತ ಪಡಿಕ್ಕಲ್ ಬದಲಿಗೆ ಬಂದವರು. ಇದಕ್ಕೆ ತಂಡವನ್ನಷ್ಟೇ ಬೈದು ಫಲವಿಲ್ಲ. ನೆಲದ ನಂಟಿಗೆ ಆ ಲೆಕ್ಕದಲ್ಲಿ ಕಾಲಮ್ಮೇ ಇಲ್ಲ. ಅಮೆರಿಕದ ಮೇಜರ್ ಲೀಗ್ ಸಾಕರ್ ಅಂಥದೊಂದು ಕಾಲಮ್ಮು ಮಾಡಿಕೊಂಡಿದೆ: ಕ್ಲಬ್ಬು ತನ್ನ ಅಕಾಡೆಮಿಯಲ್ಲೇ ಬೆಳೆಸಿದ ಹುಡುಗರನ್ನು ಪೂರಕ ಪಟ್ಟಿಯಲ್ಲಿಟ್ಟರೆ ಅವರ ಸಂಬಳ ಮಿತಿಗೆ ಸೇರದು. ಐಪಿಎಲ್ಲೂ ಆ ದಾರಿ ಹಿಡಿಯಲಿ. ರಾಜ್ಯದ ಕ್ಲಬ್ಬುಗಳಲ್ಲಿ, ವಯೋಮಿತಿ ತಂಡಗಳಲ್ಲಿ ಆಡಿ ಬೆಳೆದವರ ಸಂಬಳದ ಅರ್ಧವನ್ನಷ್ಟೇ ಅಲ್ಲಿನ ತಂಡದ ಮಿತಿಗೆ ಹಿಡಿಯಲಿ. ಆಗ ಚಿತ್ರದುರ್ಗ ಜಿಲ್ಲೆಯ ಹುಡುಗನೊಬ್ಬನನ್ನು ಆರಿಸಲು ಬೆಂಗಳೂರಿನ ತಂಡಕ್ಕೆ ಅಭಿಮಾನದ ಜೊತೆಗೆ ಲಾಭದ ಕಾರಣವೂ ಇರುತ್ತದೆ.