ಪೊರೆ ಕಳೆದ ಮೇಲೆ

ಹಸ್ತಪ್ರತಿಗಳ ಒಡನಾಟದಲ್ಲಿಯೇ ನಾಲ್ಕು ದಶಕಗಳನ್ನು ಕಳೆದವನು ನಾನು. ತಾಡೋಲೆಯ ಮೇಲಿನ ಸವೆದ ಅಕ್ಷರವನ್ನೂ ಗುರುತಿಸಬಲ್ಲೆನೆಂಬ ಹಮ್ಮು ನನ್ನಲ್ಲಿತ್ತು. ಕಳೆದ ವರ್ಷ ಗ್ರಂಥವೊಂದರ ಅಚ್ಚಿನ ಕರಡನ್ನು ತಿದ್ದಿ ಕಳುಹಿಸಿದಾಗ ಮುದ್ರಣಾಲಯದ ತರುಣನು ಬಹು ಸಂಕೋಚದಿಂದ ಮನೆಗೆ ಬಂದನು. “ಗುರುಗಳೇ, ಇಲ್ಲಿ ‘ಧನದಾಸೆ’ ಎಂದಿರಬೇಕಲ್ಲವೇ? ‘ದನದಾಸೆ’ ಎಂದೇ ಉಳಿದಿದೆ” ಎಂದನು. ಅಕ್ಷರದ ಹೊಟ್ಟೆ ಸೀಳಿದೆಯೋ ಇಲ್ಲವೋ ಎಂಬುದೇ ನನಗೆ ಕಂಡಿರಲಿಲ್ಲ. ಇಂತಹ ಹಲವು ತಪ್ಪುಗಳನ್ನು ಅವನು ಈ ಮೊದಲೇ ಸದ್ದಿಲ್ಲದೆ ತಿದ್ದಿದ್ದನೆಂಬುದು ಕೆದಕಿ ಕೇಳಿದ ಮೇಲೆ ತಿಳಿಯಿತು.

ಎರಡೂ ಕಣ್ಣುಗಳಿಗೆ ಪೊರೆ ಬಂದಿದೆಯೆಂದು ವೈದ್ಯರು ಎರಡು ವರ್ಷಗಳ ಹಿಂದೆಯೇ ಹೇಳಿದ್ದರು. “ಓದಿದ್ದು ಸಾಕು, ಇನ್ನು ಅಂತರಂಗವನ್ನು ನೋಡಿಕೊಳ್ಳೋಣ” ಎಂದು ನಾನು ಮುಂದೂಡಿದ್ದೆ. ಕೇಳಿದವರು ಅದನ್ನು ವೈರಾಗ್ಯವೆಂದು ಭಾವಿಸಿದರು. ನಿಜವಾಗಿ ಅದು ಕಣ್ಣಿಗೆ ಶಸ್ತ್ರ ತಾಗುವುದೆಂಬ ಅಂಜಿಕೆ. “ಪೊರೆ ಹಣ್ಣಾಗಲಿ” ಎಂಬ ಹಿರಿಯರ ಮಾತು ಆ ಅಂಜಿಕೆಗೆ ಆಸರೆಯಾಗಿತ್ತು.

ನಾನು ಬಾಲಕನಾಗಿದ್ದಾಗ ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳ ಮಾತು ನಮ್ಮ ಕಡೆಯ ಮನೆಮನೆಯಲ್ಲಿತ್ತು. ಆಗ ಪೊರೆಗಟ್ಟಿದ ಮಸೂರವನ್ನು ಇಡಿಯಾಗಿ ತೆಗೆಯುತ್ತಿದ್ದರು. ರೋಗಿಗಳು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದಿನಗಟ್ಟಲೆ ಮಲಗಿರಬೇಕಾಗಿತ್ತು. ಆಮೇಲೆ ದಪ್ಪ ಗಾಜಿನ ಕನ್ನಡಕ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು ಕೃತಕ ಮಸೂರವನ್ನು ಕಣ್ಣೊಳಗೇ ಇರಿಸಿ ಹೊಸ ದಾರಿ ತೆರೆದಿದ್ದರೂ ಅದು ನಮ್ಮ ಹಳ್ಳಿಗಳನ್ನು ಮುಟ್ಟಲು ಬಹುಕಾಲ ಹಿಡಿಯಿತು. ಇಂದು ಪೊರೆ ಹಣ್ಣಾಗುವವರೆಗೆ ಕಾಯಬೇಕಾಗಿಲ್ಲ. ಕಾದಷ್ಟೂ ಮಸೂರ ಗಟ್ಟಿಯಾಗಿ ಶಸ್ತ್ರಚಿಕಿತ್ಸೆ ಕಠಿಣವಾಗುತ್ತದೆ. ಕೆಲವೊಮ್ಮೆ ಕಣ್ಣಿನ ಒತ್ತಡ ಏರಿ, ಮರಳಿ ಬಾರದಂತೆ ದೃಷ್ಟಿ ನಷ್ಟವಾಗುವುದೂ ಉಂಟು.

ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆಯಾಯಿತು. ಯಾವ ಶಕ್ತಿಯ ಮಸೂರ ಬೇಕೆಂದು ಕಣ್ಣಿನ ಅಳತೆಯಾಯಿತು. ಆ ದಿನ ಮೊದಲು ಬಲಗಣ್ಣಿಗೆ ಪಾಪೆ ಹಿಗ್ಗಿಸುವ ಹನಿಗಳನ್ನೂ ಬಳಿಕ ನೋವು ತಿಳಿಯದಂತೆ ಮಾಡುವ ಹನಿಗಳನ್ನೂ ಹಾಕಿದರು. “ಯಜಮಾನರೇ, ದೀಪವನ್ನೇ ನೋಡುತ್ತಿರಿ, ಅಲುಗಾಡಬೇಡಿ” ಎಂದರು ವೈದ್ಯೆ. ಮೂರು ಮಿಲಿಮೀಟರಿಗೂ ಕಿರಿದಾದ ಸೀಳಿನ ಮೂಲಕ, ಕಿವಿಗೆ ಕೇಳಿಸದ ಧ್ವನಿತರಂಗಗಳಿಂದ ಪೊರೆಯನ್ನು ಒಡೆದು ಹೀರಿ ತೆಗೆದು, ಮಡಿಸಿದ ಹೊಸ ಮಸೂರವನ್ನು ಅಲ್ಲಿ ಬಿಡಿಸಿಟ್ಟರು. ನನಗೆ ಕಂಡುದು ನೀರಿನಾಳದಲ್ಲಿ ಅಲುಗುವಂತಹ ಬೆಳಕು ಮಾತ್ರ. ಇಪ್ಪತ್ತು ನಿಮಿಷಗಳಲ್ಲಿ ಎಲ್ಲವೂ ಮುಗಿಯಿತು, ಹೊಲಿಗೆಯಿಲ್ಲ. ಎರಡು ವರ್ಷ ಅಂಜಿದ್ದು ಈ ಇಪ್ಪತ್ತು ನಿಮಿಷಕ್ಕಾಗಿ! ಸಂಜೆಗೆ ಮನೆ ಸೇರಿದೆನು.

ಮರುದಿನ ಪಟ್ಟಿ ಬಿಚ್ಚಿದ ಮೇಲೆ ಅಂಗಳದಲ್ಲಿ ಒಣಹಾಕಿದ್ದ ನನ್ನ ಧೋತರ ಕಣ್ಣಿಗೆ ಬಿತ್ತು. ಬಲಗಣ್ಣಿನಿಂದ ನೋಡಿದರೆ ಅಚ್ಚ ಬಿಳುಪು. ಇನ್ನೂ ಪೊರೆಯಿದ್ದ ಎಡಗಣ್ಣಿನಿಂದ ನೋಡಿದರೆ ಹಳದಿ ಮಾಸಲು. ಎರಡು ವರ್ಷಗಳಿಂದ “ಬಟ್ಟೆ ಬೆಳ್ಳಗಾಗುತ್ತಿಲ್ಲ” ಎಂದು ಸೊಸೆಯ ಮೇಲೆ ಗೊಣಗಿದ್ದೆನಲ್ಲ! ಅವಳನ್ನು ಕರೆದು ತಪ್ಪೊಪ್ಪಿಕೊಂಡೆ. “ನೀಲಿ ಹಾಕಿ ಹಾಕಿ ನನಗೇ ಸಾಕಾಗಿತ್ತು ಮಾವನವರೇ” ಎಂದು ಅವಳು ನಕ್ಕಳು. ಆ ನಗೆಯ ಮುಂದೆ ನನ್ನ ಪಾಂಡಿತ್ಯ ತಲೆತಗ್ಗಿಸಿತು.

ಹಿರಿಯರೇ, ಅಂಜಿಕೆಗೆ ವೈರಾಗ್ಯದ ಹೆಸರಿಡದಿರೋಣ. ಮಕ್ಕಳೇ, ತಂದೆತಾಯಿಗಳು “ನಮಗೇಕೆ ಇನ್ನು ಕಣ್ಣು” ಎಂದರೆ ಆ ಮಾತನ್ನು ನಂಬದೆ ವೈದ್ಯರಲ್ಲಿಗೆ ಕರೆದೊಯ್ಯಿರಿ. ಶಸ್ತ್ರಚಿಕಿತ್ಸೆಯ ಬಳಿಕ ಕೆಲವು ವಾರ ಹೇಳಿದ ಹೊತ್ತಿಗೆ ಹನಿ ಹಾಕಿರಿ. ಕಣ್ಣನ್ನು ಉಜ್ಜಲು ಬಿಡದಿರಿ. ನೋವು ಹೆಚ್ಚಿದರೆ, ದೃಷ್ಟಿ ಕುಂದಿದರೆ ಒಂದು ದಿನವೂ ತಡೆಯದಿರಿ.

ತಿಂಗಳ ಬಳಿಕ ಎಡಗಣ್ಣಿನ ಪೊರೆಯೂ ಕಳೆಯಿತು. ಈ ಅಂಕಣದ ಕರಡನ್ನು ನಾನೇ ತಿದ್ದಿದ್ದೇನೆ. ಆದರೂ ಆ ತರುಣನಿಗೆ ಒಮ್ಮೆ ತೋರಿಸಿಯೇ ಕಳುಹಿಸುತ್ತಿದ್ದೇನೆ.